ಈರುಳ್ಳಿ ಬೆಳೆದವನಿಗೆ ಸಿಕ್ಕಿದ್ದೆಷ್ಟು?

ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳಲ್ಲಿ ಬೆಳೆಯುವ ಗುಲಾಬಿ ಈರುಳ್ಳಿಗೆ ನಮ್ಮೂರಲ್ಲಿ ಗಿರಾಕಿಗಳು ಕಡಿಮೆ. ಗಾತ್ರ ಚಿಕ್ಕದು, ಘಾಟು ಜಾಸ್ತಿ. ಅದನ್ನು ಬಯಸಿ ಕೊಳ್ಳುವವರು ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾದವರು. ಚೆನ್ನೈ ಬಂದರಿನಿಂದ ಹಡಗೇರಿ ಬರುತ್ತದೆ. ನಾನಿರುವ ತಂಜಾಂಗ್ ಪಗಾರ್ ಕೂಡ ಹಡಗಿನ ವ್ಯಾಪಾರದಿಂದಲೇ ಬೆಳೆದ ಊರು. ಸಿಂಗಪುರದ ಮೊದಲ ಕಂಟೇನರ್ ಹಡಗು 1972ರಲ್ಲಿ ಬಂದು ನಿಂತದ್ದು ಇಲ್ಲೇ. ಸಮುದ್ರ ದಾಟಿ ಮಾರಾಟವಾಗುವ ಬೆಳೆ ಬೆಳೆದವನು ಅನುಕೂಲಸ್ಥನಾಗಿರಬೇಕಲ್ಲವೇ? ಹಾಗಿಲ್ಲ, ಏಕೆ?

ನಾನು ವೈದ್ಯ, ಕೃಷಿ ತಜ್ಞನಲ್ಲ. ಆದರೆ ಮದ್ದು ಹೇಳುವ ಮುನ್ನ ರೋಗದ ಕಾರಣ ಹುಡುಕುವುದು ನಮ್ಮ ವೃತ್ತಿಯ ಅಭ್ಯಾಸ.

ಮೊದಲ ಕಾರಣ, ತುಂಡು ಭೂಮಿ. 2015-16ರ ಕೃಷಿ ಗಣತಿಯ ಪ್ರಕಾರ ಭಾರತದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಎರಡೂಮುಕ್ಕಾಲು ಎಕರೆಗೂ ಕಡಿಮೆ. ಎರಡನೆಯದು, ಕೈಸಾಲ. ಬಿತ್ತನೆಗೆ, ಗೊಬ್ಬರಕ್ಕೆ ಮಂಡಿಯವರಿಂದ ಮುಂಗಡ ಪಡೆದವನು ಬೆಳೆಯನ್ನು ಅಲ್ಲಿಗೇ ಒಯ್ಯಬೇಕು. ಕೂಡಿಡಲು ಗೋದಾಮಿಲ್ಲ, ಕಾಯಲು ಕೈಯಲ್ಲಿ ಕಾಸಿಲ್ಲ. ಅಂದು ಹೇಳಿದ ಬೆಲೆಯೇ ಬೆಲೆ. ಮೂರನೆಯದು, ದೂರದ ಆದೇಶಗಳು. ಪೇಟೆಯಲ್ಲಿ ಈರುಳ್ಳಿ ಬೆಲೆ ಏರಿತೆಂದು 2020ರ ಸೆಪ್ಟೆಂಬರ್‌ನಲ್ಲೂ 2023ರ ಡಿಸೆಂಬರ್‌ನಲ್ಲೂ ಕೇಂದ್ರ ಸರ್ಕಾರ ರಫ್ತು ನಿಷೇಧಿಸಿತು. ಊರಲ್ಲಿ ಗಿರಾಕಿಯೇ ಇಲ್ಲದ ಗುಲಾಬಿ ಈರುಳ್ಳಿ ಬೆಳೆದವನು ಏನು ಮಾಡಬೇಕು?

ಸಾಲ ಮನ್ನಾ ಬೇಡವೆನ್ನುವುದಿಲ್ಲ. 2018ರಲ್ಲಿ ಕರ್ನಾಟಕದಲ್ಲೂ ಆಯಿತು. ಆದರೆ ಅದು ಜ್ವರದ ಮಾತ್ರೆ. ಜ್ವರ ಇಳಿಯುತ್ತದೆ, ಸೋಂಕು ಉಳಿಯುತ್ತದೆ.

ಹಾಗಾದರೆ ಮದ್ದು? ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನಗಳನ್ನು ನೋಡಿ. ಭಾರತದಲ್ಲಿ ಗ್ರಾಹಕ ಈರುಳ್ಳಿಗೆ ಕೊಡುವ 100 ರೂಪಾಯಿಯಲ್ಲಿ ರೈತನಿಗೆ ಸೇರುವುದು ಸುಮಾರು 36 ರೂಪಾಯಿ, ಟೊಮೆಟೊಗೆ 33. ಹಾಲಿಗೆ ಮಾತ್ರ ಸುಮಾರು 70! ಹಾಲು ಈರುಳ್ಳಿಗಿಂತಲೂ ಬೇಗ ಕೆಡುವ ಪದಾರ್ಥ. ಆದರೆ ನಮ್ಮ ಹಳ್ಳಿಗಳಲ್ಲಿ ಅದಕ್ಕೊಂದು ಡೈರಿ ಇದೆ. ಎರಡು ಹೊತ್ತೂ ಅಳತೆ, ಕೊಬ್ಬಿನಂಶದ ಪರೀಕ್ಷೆ, ಪುಸ್ತಕದಲ್ಲಿ ಲೆಕ್ಕ. ಹಿಂದೆ 'ನಂದಿನಿ' ಎಂಬ ಹೆಸರಿದೆ. ಒಂದೇ ಹಸು ಇರುವ ಅಜ್ಜಿಗೂ ಅದೇ ದರ. ವ್ಯತ್ಯಾಸ ಇರುವುದು ಸಂಘಟನೆಯಲ್ಲಿ. ಸಣ್ಣ ರೈತ ಬಡವನಾಗಿರುವುದು ಕಡಿಮೆ ಬೆಳೆದದ್ದರಿಂದ ಮಾತ್ರವಲ್ಲ, ಒಬ್ಬನೇ ನಿಂತು ಮಾರುವುದರಿಂದ.

ಇಲ್ಲಿರುವ ನಾವೇನು ಮಾಡಬಹುದು? ಮೊದಲನೆಯದಾಗಿ, ಕರ್ನಾಟಕದಲ್ಲಿ ರೈತ ಉತ್ಪಾದಕರ ಕಂಪನಿಗಳು ಬಂದಿವೆ. ಅವುಗಳಿಗೆ ಗೋದಾಮು ಬೇಕು, ದುಡಿಯುವ ಬಂಡವಾಳ ಬೇಕು, ಖರೀದಿದಾರರ ಪರಿಚಯ ಬೇಕು. ನಮ್ಮಲ್ಲಿ ಹಡಗು, ಬ್ಯಾಂಕು, ಲೆಕ್ಕಪತ್ರ ಬಲ್ಲವರು ಎಷ್ಟು ಮಂದಿ ಇಲ್ಲ! ಹಬ್ಬಕ್ಕೆ ಬೇಕಾದ ಬೆಲ್ಲ, ಬೇಳೆ, ರಾಗಿಯನ್ನು ಪರವಾನಗಿಯುಳ್ಳ ಆಮದುದಾರರ ಮೂಲಕ ಅಂಥ ಕಂಪನಿಗಳಿಂದ ತರಿಸಬಹುದು.

ಎರಡನೆಯದು ಮನೆಯ ವಿಷಯ. ನಮ್ಮಲ್ಲಿ ಅನೇಕರ ಪಿತ್ರಾರ್ಜಿತ ಹೊಲವನ್ನು ಊರಲ್ಲಿ ಬೇರೆ ಯಾರೋ ಉಳುತ್ತಿದ್ದಾರೆ. ಕರ್ನಾಟಕದ ಕಾನೂನು ಗೇಣಿಗೆ ಬಹುಮಟ್ಟಿಗೆ ಅವಕಾಶ ಕೊಡದ ಕಾರಣ ಎಲ್ಲವೂ ಬಾಯಿಮಾತು. ಬೆಳೆ ಹೋದರೆ ಪರಿಹಾರ ಸಾಮಾನ್ಯವಾಗಿ ಬರುವುದು ಪಹಣಿಯಲ್ಲಿ ಹೆಸರಿರುವವರಿಗೆ. ಬಿತ್ತಿದವನ ಕೈಯಲ್ಲಿ ಸಾಲ ಮಾತ್ರ ಉಳಿಯುತ್ತದೆ. ಆ ಹಣ ನಮ್ಮ ಖಾತೆಗೆ ಬಂದರೆ ಅವನಿಗೆ ತಲುಪಿಸೋಣ. ಬರದ ವರ್ಷ ಪಾಲು ಕೇಳದಿರೋಣ.

ಇದು ದಾನವಲ್ಲ, ಅವನ ಬೆವರಿನ ಬಾಕಿ. ಈ ಹಬ್ಬದಲ್ಲಿ ಊರಿಗೆ ಫೋನ್ ಮಾಡಿದಾಗ, ನಮ್ಮ ಹೊಲ ಉಳುವವರು ಹೇಗಿದ್ದಾರೆಂದು ಒಂದು ಮಾತು ಕೇಳುತ್ತೀರಲ್ಲ?