ಸೆರಗಿನಲ್ಲಿ ಸಂತೆ: ಲೇಪಾಕ್ಷಿಯ ಛಾವಣಿ ಚಿತ್ರಗಳನ್ನು ಓದುವ ಬಗೆ

ಇವತ್ತಿನ ಪ್ರಶ್ನೆ ಇಷ್ಟೇ: ಪೇಟೆಯ ದಿನನಿತ್ಯದ ಬದುಕನ್ನು ತೋರಿಸುವ ಹಳೆಯ ಚಿತ್ರ ನಮ್ಮ ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಸಿಗುತ್ತಾ?

ಮಡಕಶಿರಾಕ್ಕೆ ಹತ್ತಿರದ ಲೇಪಾಕ್ಷಿಗೆ ಹೋಗೋಣ. ಅಲ್ಲಿನ ವೀರಭದ್ರ ದೇವಾಲಯ ವಿಜಯನಗರದ ಅಚ್ಯುತರಾಯನ ಕಾಲದ್ದು (1529–1542). ಕಟ್ಟಿಸಿದವರು ವಿರೂಪಣ್ಣ, ವೀರಣ್ಣ ಸೋದರರು. ಛಾವಣಿಯಲ್ಲಿ ಅಂಗಡಿ, ತಕ್ಕಡಿ, ಚೌಕಾಸಿ ಹುಡುಕಿದರೆ ನಿರಾಶೆ ಆಗುತ್ತೆ. ಅಲ್ಲಿರುವುದು ಪಾರ್ವತಿಯ ಕಲ್ಯಾಣ, ಕಿರಾತಾರ್ಜುನರ ಕಥೆ, ದ್ರೌಪದಿಯ ಸ್ವಯಂವರ.

ಈಗ ಒಂದು ಹೋಲಿಕೆ ನೋಡೋಣ. ಅದೇ ಶತಮಾನದಲ್ಲಿ, 1551ರಲ್ಲಿ, ನೆದರ್ಲ್ಯಾಂಡ್ಸ್‌ನ ಪೀಟರ್ ಆರ್ಟ್ಸನ್ ಒಂದು ಮಾಂಸದಂಗಡಿಯ ಚಿತ್ರ ಬರೆದ. ಎದುರಿಗೆ ದನದ ತಲೆ, ಮೀನು, ಸಾಸೇಜು. ಹಿಂದೆ, ಪುಟ್ಟದಾಗಿ, ದಾನ ಕೊಡುತ್ತಿರುವ ಮೇರಿ. ಅಲ್ಲಿ ಸರಕು ಮುಂದೆ, ದೈವ ಹಿಂದೆ. ಲೇಪಾಕ್ಷಿಯಲ್ಲಿ ಇದು ತಿರುಗುಮುರುಗು. ದೈವ ಮುಂದಿದೆ, ಸರಕು ದೈವದ ಮೈಮೇಲಿದೆ.

ಸೀರೆಗಳನ್ನು ಗಮನಿಸಿ. ಪಟ್ಟೆ, ಚೌಕಳಿ, ಹೂಬಳ್ಳಿ, ಬೇರೆ ಬೇರೆ ಅಂಚು. ಒಬ್ಬಳು ಉಟ್ಟದ್ದು ಪಕ್ಕದವಳು ಉಟ್ಟಿಲ್ಲ. ಗಂಡಸರ ತಲೆ ಮೇಲೆ ಎತ್ತರದ ಕುಳ್ಳಾಯಿ. ಈ ಪದದ ಮೂಲ ಪಾರಸಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ರಾಜನ ಜರಿ ಟೋಪಿಯನ್ನು ವರ್ಣಿಸಿದ್ದಾನೆ. ಅಂದರೆ ಪುರಾಣದ ಪಾತ್ರಗಳಿಗೆ ಚಿತ್ರಕಾರರು ತಮ್ಮ ಕಾಲದ ಉಡುಪನ್ನೇ ತೊಡಿಸಿದ್ದಾರೆ.

ಹಾಗಂತ "ಇದೇ ನಮ್ಮ ಊರಿನ ಸಂತೆ ಬಟ್ಟೆ" ಅಂತ ಹಾರಬಾರದು. ಇದು ಬಹುಮಟ್ಟಿಗೆ ಸಿರಿವಂತರ ಉಡುಗೆ. ಚಿತ್ರಕಾರರ ರೂಢಿಯೂ ಅದರಲ್ಲಿ ಸೇರಿರುತ್ತೆ. ಒಂದು ವಿನ್ಯಾಸವನ್ನು ಶಾಸನ, ಪ್ರವಾಸಿಗರ ಬರಹ, ಉಳಿದಿರುವ ಹಳೆಯ ಬಟ್ಟೆ ಇವುಗಳ ಜೊತೆ ಇಟ್ಟು ನೋಡಬೇಕು. ಆಗ ಮಾತ್ರ ಅದು ಪುರಾವೆ. ಅಲ್ಲಿಯವರೆಗೆ ಅದು ಸುಳಿವು, ಅಷ್ಟೆ.

ಆದರೂ ಈ ಸುಳಿವನ್ನು ಬಿಡುವಂತಿಲ್ಲ, ಯಾಕೆ? ಛಾವಣಿಯ ಬಣ್ಣ ಅಲ್ಲಲ್ಲಿ ಉದುರಿದೆ, ಮಾಸಿದೆ. ಬಣ್ಣ ಹೋದರೆ ಪುರಾಣ ಹೋಗಲ್ಲ. ಅದು ಗ್ರಂಥಗಳಲ್ಲಿ, ಬಾಯಿಮಾತಲ್ಲಿ ಇದೆ. ಹೋಗುವುದು ಸೆರಗಿನ ಅಂಚು. ನೇಯ್ದವರ, ಮಾರಿದವರ ಹೆಸರು ಚಿತ್ರದಲ್ಲಿಲ್ಲ. ಅವರ ಕೆಲಸದ ಗುರುತು ಅಂತ ಅಲ್ಲಿ ಉಳಿದಿರುವುದು ಆ ಅಂಚೊಂದೇ.

ರಾಯದುರ್ಗ ಇವತ್ತು ಬಟ್ಟೆ ಹೊಲಿಗೆಯ ಊರು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರದ ಇತಿಹಾಸ, ಕರ್ನಾಟಕದ ಇತಿಹಾಸ ಎಂಬ ಹಂಚಿಕೆಯಲ್ಲಿ ಇಂಥ ಊರುಗಳ ಕಸುಬಿನ ಕಥೆ ಎರಡೂ ಕಡೆ ಸುಲಭವಾಗಿ ಜಾರಿಹೋಗುತ್ತೆ. ಆದ್ದರಿಂದ ಕ್ಷೇತ್ರಕಾರ್ಯಕ್ಕೆ ಹೋಗುವವರು ದೇವರ ಮುಖದ ಜೊತೆಗೆ ಸೆರಗು, ಅಂಚು, ಟೋಪಿಗಳನ್ನೂ ಬಿಡಿಬಿಡಿಯಾಗಿ ದಾಖಲಿಸಿ. ಪ್ರಶ್ನೆಗಳಿದ್ದರೆ ಈಗ ತಗೊಳ್ಳೋಣ.