ಹಲವರ ಹಣ, ಒಂದು ಬಾಣಲೆಯ ಪಾಕ

ಸಕ್ಕರೆ, ನೀರು, ಬೆಂಕಿ, ಈ ಮೂರಿದ್ದರೆ ಮಿಠಾಯಿ ಮಾಡಬಹುದೆಂದು ಮೇಲ್ನೋಟಕ್ಕೆ ತೋರುತ್ತದೆ. ಅಂತೆಯೇ ಅಂತರಜಾಲದಲ್ಲಿ ಒಂದು ವಿಜ್ಞಾಪನೆಯನ್ನು ಪ್ರಕಟಿಸಿ, ಪರಿಚಿತರಿಂದಲೂ ಅಪರಿಚಿತರಿಂದಲೂ ಐನೂರು, ಸಾವಿರ ರೂಪಾಯಿಗಳನ್ನು ಕೂಡಿಸಿದರೆ ಉದ್ಯಮವೊಂದನ್ನು ಆರಂಭಿಸಬಹುದೆಂದೂ ತೋರುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಊರುಗಳ ತರುಣರು ಓದು ಮುಗಿಯುತ್ತಲೇ ಕೆಲಸಕ್ಕಾಗಿ ಬೆಂಗಳೂರಿನ ಹಾದಿ ಹಿಡಿಯುವ ಈ ಕಾಲದಲ್ಲಿ, ಊರಿನಲ್ಲಿಯೇ ನಿಂತು ಹೊಸ ಬಗೆಯ ಮಿಠಾಯಿಗಳನ್ನು ತಯಾರಿಸಬೇಕೆಂಬ ಹಂಬಲ ಯಾರಲ್ಲಾದರೂ ಮೂಡಿದರೆ ಅದು ಮೆಚ್ಚತಕ್ಕ ಸಂಗತಿಯೇ. ಆದರೆ ಇಲ್ಲಿ ಹದವರಿತು ಇಳಿಸಬೇಕಾದ ಪಾಕಗಳು ಎರಡು: ಒಂದು ಸಕ್ಕರೆಯದು, ಇನ್ನೊಂದು ಹಣದ್ದು. ಎರಡಕ್ಕೂ ಅವುಗಳದೇ ಆದ ನಿಯಮಗಳುಂಟು. ಅವನ್ನು ಒಂದೊಂದಾಗಿ ಪರಿಶೀಲಿಸೋಣ.

ಹರಳೂ ಗಾಜೂ

ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲದೊಡನೆ ಹಂಚುವ ಸಕ್ಕರೆ ಅಚ್ಚನ್ನು ಎಲ್ಲರೂ ಬಲ್ಲರು. ಅಂಗಡಿಯ ಗಾಜಿನ ಭರಣಿಯಲ್ಲಿರುವ ನಿಂಬೆಹುಳಿ ಪೆಪ್ಪರ್‌ಮೆಂಟನ್ನೂ ಎಲ್ಲರೂ ಬಲ್ಲರು. ಎರಡರಲ್ಲಿಯೂ ಇರುವುದು ಬಹುಮಟ್ಟಿಗೆ ಸಕ್ಕರೆಯೇ. ಹೀಗಿದ್ದೂ ಒಂದು ಬೆಳ್ಳಗೆ, ಅಪಾರದರ್ಶಕವಾಗಿ, ಬಾಯಲ್ಲಿ ಪುಡಿಯಾಗುತ್ತದೆ. ಇನ್ನೊಂದು ಪಾರದರ್ಶಕವಾಗಿ, ಗಟ್ಟಿಯಾಗಿ, ಕಚ್ಚಿದರೆ ಚೂಪಾಗಿ ಒಡೆಯುತ್ತದೆ. ಈ ಭೇದಕ್ಕೆ ಕಾರಣ ಅಣುಗಳ ಜೋಡಣೆ. ಅಚ್ಚಿನಲ್ಲಿ ಸಕ್ಕರೆಯ ಅಣುಗಳು ಸೈನಿಕರಂತೆ ಸಾಲುಗಟ್ಟಿ ಅಸಂಖ್ಯಾತ ಸಣ್ಣ ಹರಳುಗಳಾಗಿವೆ. ಪೆಪ್ಪರ್‌ಮೆಂಟಿನಲ್ಲಿ ಅವು ಸಾಲುಗಟ್ಟಲು ಕಾಲಾವಕಾಶ ದೊರೆಯುವ ಮೊದಲೇ ಚಳಿಗೆ ಸಿಕ್ಕಿ, ಸಂತೆಯ ಜನರಂತೆ ಅಡ್ಡಾದಿಡ್ಡಿಯಾಗಿ ನಿಂತುಬಿಟ್ಟಿವೆ. ಇಂಥ ಸ್ಥಿತಿಯನ್ನು ಭೌತಶಾಸ್ತ್ರದಲ್ಲಿ ಗಾಜು ಎನ್ನುತ್ತೇವೆ. ಕಿಟಕಿಯ ಗಾಜೂ ಪೆಪ್ಪರ್‌ಮೆಂಟೂ ಈ ಅರ್ಥದಲ್ಲಿ ಸೋದರರು.

ಹರಳು ಬೇಕಾದರೆ ಪಾಕವನ್ನು ಕಲಕಬೇಕು. ಗಾಜು ಬೇಕಾದರೆ ಕಲಕದೆ ಬೇಗ ತಣಿಸಬೇಕು. ಜೊತೆಗೆ ಹರಳುಗಟ್ಟುವುದಕ್ಕೆ ಅಡ್ಡಿಯನ್ನೂ ಒಡ್ಡಬೇಕು. ನಮ್ಮ ಹಿರಿಯರು ಪಾಕಕ್ಕೆ ನಿಂಬೆರಸ ಹಿಂಡುತ್ತಿದ್ದುದು ಇದಕ್ಕಾಗಿಯೇ. ಆಮ್ಲದ ಸನ್ನಿಧಿಯಲ್ಲಿ ಸಕ್ಕರೆಯ ಅಣು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಚಿಕ್ಕ ಅಣುಗಳಾಗುತ್ತದೆ. ಬೇರೆ ಆಕಾರದ ಈ ಅಣುಗಳು ನಡುವೆ ನುಸುಳಿ ಸಾಲು ಕೆಡಿಸುತ್ತವೆ. ಕಾರ್ಖಾನೆಗಳಲ್ಲಿ ಗ್ಲೂಕೋಸ್ ಪಾಕವನ್ನು ಬೆರೆಸುವುದೂ ಇದೇ ಉದ್ದೇಶದಿಂದ.

ಪಾಕದ ಹದವೆಂಬುದು ಅದರಲ್ಲಿ ಉಳಿದಿರುವ ನೀರಿನ ಅಳತೆಯಲ್ಲದೆ ಬೇರೆಯಲ್ಲ. ನೀರು ಆವಿಯಾದಂತೆಲ್ಲ ದ್ರಾವಣದ ಕುದಿಬಿಂದು ಏರುತ್ತದೆ. ಸಮುದ್ರಮಟ್ಟದಲ್ಲಿ 112ರಿಂದ 116 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಳಿಸಿದ ಪಾಕದ ಹನಿ ತಣ್ಣೀರಿನಲ್ಲಿ ಮೆತ್ತನೆಯ ಉಂಡೆಯಾಗುತ್ತದೆ. 146ರಿಂದ 154 ಡಿಗ್ರಿಯಲ್ಲಿ ಇಳಿಸಿದುದು ಟಣ್ಣೆಂದು ಮುರಿಯುತ್ತದೆ. ಇಲ್ಲಿ ನಮ್ಮ ಸೀಮೆಯವರು ಗಮನಿಸಬೇಕಾದ ಅಂಶವೊಂದುಂಟು. ಚಿತ್ರದುರ್ಗ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ವಾಯುಭಾರ ಕಡಮೆಯಾದುದರಿಂದ ಇಲ್ಲಿ ನೀರು 100ರ ಬದಲು ಸುಮಾರು 97.5 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಪರದೇಶದ ಪುಸ್ತಕದಲ್ಲಿ ಬರೆದಿರುವ ಉಷ್ಣಾಂಶವನ್ನು ಇಲ್ಲಿ ಅಕ್ಷರಶಃ ಅನುಸರಿಸಿದರೆ ಪಾಕ ಹದ ಮೀರುತ್ತದೆ. ಮೊದಲು ಬರಿಯ ನೀರನ್ನು ಕುದಿಸಿ ಉಷ್ಣಮಾಪಕ ಎಷ್ಟನ್ನು ತೋರಿಸುತ್ತದೆಂದು ನೋಡಿ, ಆ ವ್ಯತ್ಯಾಸವನ್ನು ಕಳೆದುಕೊಳ್ಳುವುದು ಬುದ್ಧಿವಂತಿಕೆ.

ನಮ್ಮ ಸೀಮೆಯ ಹವೆ

ಸಕ್ಕರೆಯ ಗಾಜು ಶಾಶ್ವತವಲ್ಲ. ಶುದ್ಧವಾದ ಒಣ ಸಕ್ಕರೆಯ ಗಾಜು 60ರಿಂದ 70 ಡಿಗ್ರಿಯ ಸುಮಾರಿನಲ್ಲಿ ಮೆದುವಾಗತೊಡಗುತ್ತದೆ. ಅದರಲ್ಲಿ ನೂರಕ್ಕೆ ಎರಡು ಮೂರು ಪಾಲು ನೀರು ಉಳಿದಿದ್ದರೂ ಈ ಮಿತಿ ಬಹಳ ಕೆಳಗಿಳಿಯುತ್ತದೆ. ಅದೂ ಅಲ್ಲದೆ ಸಕ್ಕರೆಯ ಗಾಜು ಗಾಳಿಯ ತೇವವನ್ನು ಹೀರಿಕೊಂಡು ಮೈಯೆಲ್ಲ ಅಂಟಾಗುತ್ತದೆ. ಮಳೆ ಕಡಮೆಯಿರುವ ಬಯಲುಸೀಮೆಯ ಒಣಹವೆ ಗಟ್ಟಿಮಿಠಾಯಿಗೆ ಕರಾವಳಿಗಿಂತ ಅನುಕೂಲವೇ ಸರಿ. ಆದರೂ ಮಳೆಗಾಲದ ಒಂದು ಸಂಜೆ ಮುಚ್ಚದೆ ಬಿಟ್ಟ ತಟ್ಟೆಯ ಗತಿ ಏನಾಗುವುದೆಂದು ಹೇಳಬೇಕಾಗಿಲ್ಲ.

ಚಾಕೊಲೇಟಿನ ಸ್ವಭಾವವೇ ಬೇರೆ. ಅದರಲ್ಲಿರುವ ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಬಲ್ಲುದು. ಮಾರಾಟಕ್ಕೆ ತಕ್ಕ ಹೊಳಪನ್ನು ಕೊಡುವ ಐದನೆಯ ಬಗೆಯ ಹರಳು ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ. ಬಾಯಲ್ಲಿ ಇಟ್ಟೊಡನೆ ಅದು ಕರಗುವ ಸೊಗಸಿಗೆ ಇದೇ ಕಾರಣ. ಏಪ್ರಿಲ್ ತಿಂಗಳ ಹಿರಿಯೂರಿನ ಬಸ್ಸಿನಲ್ಲಿ ಅದು ಉಳಿಯದಿರುವುದಕ್ಕೂ ಇದೇ ಕಾರಣ. ಶೀತಲ ಕೋಣೆಯಿಲ್ಲದ ಚಿಕ್ಕ ಉದ್ಯಮ ಈ ಸೀಮೆಯಲ್ಲಿ ಚಾಕೊಲೇಟಿಗೆ ಕೈಹಾಕುವುದಕ್ಕಿಂತ ಗಟ್ಟಿಮಿಠಾಯಿ, ನೆಲಗಡಲೆಯ ಚಿಕ್ಕಿ, ಕೊಬ್ಬರಿಮಿಠಾಯಿಗಳನ್ನು ಆರಿಸಿಕೊಳ್ಳುವುದು ಮೇಲು. ನೆಲಗಡಲೆ ಈ ಜಿಲ್ಲೆಯ ಮುಖ್ಯ ಬೆಳೆ. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಿರು ಆಹಾರ ಸಂಸ್ಕರಣೆಯ ಯೋಜನೆಯಲ್ಲಿ ಚಿತ್ರದುರ್ಗ ಜಿಲ್ಲೆಗೆ ಗೊತ್ತುಮಾಡಿದ ಪದಾರ್ಥವೂ ಅದೇ. ಹೊಸದುರ್ಗ, ಹೊಳಲ್ಕೆರೆಗಳ ತೆಂಗಿನ ತೋಟಗಳೂ ದೂರದಲ್ಲಿಲ್ಲ.

ಹೊಸತನವೆಂಬುದು

ಮಿಠಾಯಿಯಲ್ಲಿ ಹೊಸತನ ಹುಟ್ಟುವುದು ಹೆಚ್ಚಾಗಿ ಭೌತಶಾಸ್ತ್ರದ ಒಂದು ಚಮತ್ಕಾರದಿಂದ. ನಮ್ಮ ಜಾತ್ರೆಗಳ ಬೊಂಬಾಯಿ ಮಿಠಾಯಿಯನ್ನು ನೋಡಿ. ಕರಗಿದ ಸಕ್ಕರೆ, ತಿರುಗುವ ಬಟ್ಟಲಿನ ಸೂಕ್ಷ್ಮ ರಂಧ್ರಗಳಿಂದ ಹೊರಕ್ಕೆ ಚಿಮ್ಮಿ, ಗಾಳಿಯಲ್ಲಿಯೇ ತಣಿದು ಗಾಜಿನ ಎಳೆಯಾಗುತ್ತದೆ. ಈ ಯಂತ್ರವನ್ನು 1897ರಲ್ಲಿ ಅಮೆರಿಕದಲ್ಲಿ ರೂಪಿಸಿದ ಇಬ್ಬರಲ್ಲಿ ಒಬ್ಬನಾದ ವಿಲಿಯಂ ಮಾರಿಸನ್ ದಂತವೈದ್ಯನೆಂಬುದು ವಿನೋದದ ಸಂಗತಿ! 1904ರ ಸೇಂಟ್ ಲೂಯಿ ಪ್ರದರ್ಶನದಲ್ಲಿ ಅವರು 68,655 ಪೆಟ್ಟಿಗೆಗಳನ್ನು ಮಾರಿದರು. ಬಾಯಲ್ಲಿ ಚಟಪಟ ಸಿಡಿಯುವ ಮಿಠಾಯಿಯನ್ನು 1956ರಲ್ಲಿ ವಿಲಿಯಂ ಮಿಚೆಲ್ ಎಂಬ ರಸಾಯನಜ್ಞ ಕಂಡುಹಿಡಿದ. ಬಿಸಿಪಾಕದೊಳಕ್ಕೆ ಇಂಗಾಲದ ಡೈಆಕ್ಸೈಡನ್ನು ವಾಯುಭಾರದ ಸುಮಾರು ನಲವತ್ತು ಪಟ್ಟು ಒತ್ತಡದಲ್ಲಿ ತುಂಬಿ ತಣಿಸಿದರೆ, ಅನಿಲ ಗುಳ್ಳೆಗಳಾಗಿ ಗಾಜಿನಲ್ಲಿ ಬಂದಿಯಾಗುತ್ತದೆ. ಗಾಜು ನಾಲಿಗೆಯ ಮೇಲೆ ಕರಗುತ್ತಲೇ ಗುಳ್ಳೆ ಒಡೆಯುತ್ತದೆ. ಅಷ್ಟು ಒತ್ತಡದ ಪಾತ್ರೆ ಮನೆಯ ಹಿತ್ತಿಲಲ್ಲಿ ಇಡತಕ್ಕ ವಸ್ತುವಲ್ಲವೆಂಬುದನ್ನು ಮಾತ್ರ ಮರೆಯಬಾರದು.

ಅಂಥ ಯಂತ್ರಗಳಿಲ್ಲದೆಯೂ ಹೊಸತನ ಸಾಧ್ಯ. ಬಿಸಿಪಾಕವನ್ನು ಎಳೆದು ಮಡಚಿ ಮತ್ತೆ ಎಳೆದರೆ ಒಳಗೆ ಗಾಳಿಯ ಗುಳ್ಳೆಗಳು ಸೇರುತ್ತವೆ. ಬೆಳಕು ಅವುಗಳಿಂದ ಎಲ್ಲ ದಿಕ್ಕಿಗೂ ಚೆದರುವುದರಿಂದ ಪಾರದರ್ಶಕವಾಗಿದ್ದ ಪಾಕ, ಬಣ್ಣದ ಒಂದು ಕಣವೂ ಇಲ್ಲದೆ, ಬೆಳ್ಳಿಯಂತೆ ಹೊಳೆಯುತ್ತದೆ.

ಹಲವರ ಹಣ

ಇನ್ನು ಎರಡನೆಯ ಪಾಕ. ಅನೇಕರಿಂದ ಸ್ವಲ್ಪ ಸ್ವಲ್ಪವಾಗಿ ಹಣ ಕೂಡಿಸುವ ಪದ್ಧತಿಗೆ ಈಗ ಕ್ರೌಡ್‌ಫಂಡಿಂಗ್ ಎಂಬ ಹೆಸರು ಬಂದಿದೆ. ಹೆಸರು ಹೊಸದು, ತತ್ತ್ವ ಹಳೆಯದು. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಹಕಾರ ಸಂಘದ ಹಿಂದೆ ಇದ್ದುದು ಇದೇ ವಿಚಾರ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟುದರಿಂದ 1976ರ ‘ಮಂಥನ್’ ಚಲನಚಿತ್ರ ಸಿದ್ಧವಾಯಿತು. 2013ರಲ್ಲಿ ಬಿಡುಗಡೆಯಾದ ಕನ್ನಡದ ‘ಲೂಸಿಯಾ’ ಚಿತ್ರಕ್ಕೆ ನೂರಕ್ಕೂ ಹೆಚ್ಚು ಮಂದಿ ಪ್ರೇಕ್ಷಕರೇ ಬಂಡವಾಳ ಹೂಡಿದರು.

ಮಿಠಾಯಿಯ ವಿಷಯದಲ್ಲಿ ನಮಗೆ ಅತ್ಯಂತ ಸಮೀಪದ ನಿದರ್ಶನ ಕ್ಯಾಂಪ್ಕೊ ಸಂಸ್ಥೆ. ಅಡಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, 1973ರ ಜುಲೈ 11ರಂದು, ವಾರಣಾಸಿ ಸುಬ್ರಾಯ ಭಟ್ಟರ ನಾಯಕತ್ವದಲ್ಲಿ ಕರ್ನಾಟಕ ಮತ್ತು ಕೇರಳಗಳ ಬೆಳೆಗಾರರು ಕೂಡಿ ಮಂಗಳೂರಿನಲ್ಲಿ ಇದನ್ನು ಸ್ಥಾಪಿಸಿದರು. ಕಾಸರಗೋಡಿನ ಕನ್ನಡ ರೈತರೂ ಇದರಲ್ಲಿ ಸೇರಿದ್ದರು. ಮುಂದೆ ಅಡಕೆಯ ನಡುವೆ ಬೆಳೆದ ಕೋಕೋವನ್ನು ಕೊಳ್ಳುವವರಿಲ್ಲದಂತಾದಾಗ ಸಂಸ್ಥೆ ತಾನೇ ಅದನ್ನು ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಇಂದು ಅದರ ಸದಸ್ಯರು ಒಂದು ಲಕ್ಷಕ್ಕೂ ಮಿಗಿಲು. ಕೋಕೋ ಬೆಳೆದವರ ಕೈಯಲ್ಲಿಯೇ ಕಾರ್ಖಾನೆಯ ಒಡೆತನವೂ ಇದ್ದುದರಿಂದ ಅದು ಬೇರೂರಿತು. ಆದರೆ ಒಡೆತನ ಹಂಚಿದ ಮಾತ್ರಕ್ಕೆ ಎಲ್ಲವೂ ಉಳಿಯುವುದೆಂದಲ್ಲ. ಹಿರಿಯೂರಿನಲ್ಲಿ ಸಹಕಾರ ತತ್ತ್ವದ ಮೇಲೆಯೇ ನಿಂತ ವಾಣಿವಿಲಾಸ ಸಕ್ಕರೆ ಕಾರ್ಖಾನೆ ಬಹುಕಾಲದಿಂದ ಮುಚ್ಚಿದೆ. ಕಬ್ಬು, ನೀರು, ಪೇಟೆ ಇವು ಮೂರೂ ಕೂಡಿಬಂದಲ್ಲದೆ ಷೇರುಹಣವೊಂದೇ ಗಾಣವನ್ನು ತಿರುಗಿಸಲಾರದು.

ಹಣ ಕೊಡುವವರು ನಾಲ್ಕು ಬಗೆಯಾಗಿ ಕೊಡಬಹುದು: ದಾನವಾಗಿ, ಮುಂಗಡ ಬೆಲೆಯಾಗಿ, ಸಾಲವಾಗಿ, ಪಾಲುಬಂಡವಾಳವಾಗಿ. ಮೊದಲಿನ ಎರಡು ಸರಳ. ಉಳಿದವಕ್ಕೆ ಕಾನೂನಿನ ಬಿಗಿಯುಂಟು. 2013ರ ಕಂಪನಿ ಕಾಯಿದೆಯಂತೆ ಖಾಸಗಿಯಾಗಿ ಷೇರು ನೀಡುವವರು ಒಂದು ಆರ್ಥಿಕ ವರ್ಷದಲ್ಲಿ 200 ಮಂದಿಗಿಂತ ಹೆಚ್ಚು ಜನರನ್ನು ಆಹ್ವಾನಿಸುವಂತಿಲ್ಲ. ಸಾರ್ವಜನಿಕರಿಂದ ಅನಿಯಂತ್ರಿತವಾಗಿ ಠೇವಣಿ ಪಡೆಯುವುದು 2019ರ ಕಾಯಿದೆಯಂತೆ ಅಪರಾಧ. ಆದುದರಿಂದ ವಿದ್ಯಾರ್ಥಿಗಳಿಗೆ ತಕ್ಕ ಮಾರ್ಗ ಮುಂಗಡ ಬೆಲೆಯ ಮಾರ್ಗ: ‘ಈಗ ಹಣ ಕೊಡಿ, ಇಂಥ ದಿನ ಮಿಠಾಯಿ ಕಳುಹಿಸುತ್ತೇವೆ’ ಎಂಬ ವಾಗ್ದಾನ.

ವಾಗ್ದಾನದ ಲೆಕ್ಕ

ವಾಗ್ದಾನ ಮಾಡುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡೋಣ. 300 ಮಂದಿ ತಲಾ 500 ರೂಪಾಯಿ ಕೊಟ್ಟರೆಂದೂ, ಪ್ರತಿಯೊಬ್ಬರಿಗೂ ಅರ್ಧ ಕಿಲೋಗ್ರಾಂ ಮಿಠಾಯಿ ಸಲ್ಲಬೇಕೆಂದೂ ಇಟ್ಟುಕೊಳ್ಳಿ. ಕೂಡಿದ ಹಣ 1,50,000 ರೂಪಾಯಿ. ಮಾಡಬೇಕಾದ ಮಿಠಾಯಿ 150 ಕಿಲೋಗ್ರಾಂ. ಇದಕ್ಕೆ ಸುಮಾರು 147 ಕಿಲೋ ಸಕ್ಕರೆಯನ್ನು 49 ಕಿಲೋ ನೀರಿನಲ್ಲಿ ಕರಗಿಸಿ, 46 ಕಿಲೋ ನೀರನ್ನು ಆವಿಯಾಗಿ ಓಡಿಸಬೇಕು. ಆವಿಯ ಗುಪ್ತೋಷ್ಣ ಕಿಲೋಗೆ 540 ಕಿಲೋಕ್ಯಾಲೊರಿ. ಆದ್ದರಿಂದ ಇದಕ್ಕೆ 24,840 ಕಿಲೋಕ್ಯಾಲೊರಿ ಬೇಕು. ಪಾಕವನ್ನು ಕಾಯಿಸಲು ಇನ್ನೂ ಸುಮಾರು 9,000. ಅಡುಗೆ ಅನಿಲ ಕಿಲೋಗೆ ಸುಮಾರು 11,000 ಕಿಲೋಕ್ಯಾಲೊರಿ ಕೊಡುತ್ತದೆ. ಅದರಲ್ಲಿ ಅರ್ಧ ವ್ಯರ್ಥವಾದರೂ ಆರು ಕಿಲೋ ಅನಿಲ ಸಾಕು. ಅಂದರೆ ಇಂಧನ ದೊಡ್ಡ ಖರ್ಚಲ್ಲ. ಕಿಲೋಗೆ 45 ರೂಪಾಯಿಯಂತೆ ಹಿಡಿದರೆ ಸಕ್ಕರೆಯ ಬೆಲೆಯೂ ಏಳು ಸಾವಿರವನ್ನು ಮುಟ್ಟದು.

ಹಾಗಾದರೆ ಖರ್ಚೆಲ್ಲಿ? ಒಂದು ಪೊಟ್ಟಣವನ್ನು ಅಂಚೆಯಲ್ಲಿ ಕಳುಹಿಸಲು 80 ರೂಪಾಯಿ, ಪೆಟ್ಟಿಗೆಗೆ 30 ರೂಪಾಯಿ ಎಂದು ಇಟ್ಟುಕೊಂಡರೆ ಅದೇ 33,000 ರೂಪಾಯಿ ಆಯಿತು. ಸಕ್ಕರೆಯ ಬೆಲೆಯ ಐದರಷ್ಟು! ಇನ್ನು ಕಾಲದ ಲೆಕ್ಕ. ಐದು ಗ್ರಾಮಿನ ಬಿಲ್ಲೆಗಳಾದರೆ 150 ಕಿಲೋಗೆ 30,000 ಬಿಲ್ಲೆಗಳು. ನಿಮಿಷಕ್ಕೆ ಆರರಂತೆ ಕಾಗದ ಸುತ್ತುವವನಿಗೆ 83 ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಗಂಟೆಗೆ ಐದು ಕಿಲೋ, ಅಂದರೆ ಸಾವಿರ ಬಿಲ್ಲೆ ಕೊಡುವ ಒಂದು ಬಾಣಲೆಗೆ ಸುತ್ತುವವರು ಮೂವರು ಬೇಕು. ಇಲ್ಲದಿದ್ದರೆ ಬಿಲ್ಲೆಗಳು ಕಾಯುತ್ತ ಕಾಯುತ್ತ ತೇವ ಹೀರಿ ಅಂಟುತ್ತವೆ. ಹಣ ಕೊಟ್ಟವರು ತಿಂಗಳುಗಟ್ಟಲೆ ಕಾದು ಬೇಸರಗೊಳ್ಳುವುದಕ್ಕೆ ಉದ್ಯಮಿಯ ದುರುದ್ದೇಶವೇ ಕಾರಣವಾಗಬೇಕೆಂದಿಲ್ಲ. ಕಾಗದ ಸುತ್ತುವ ಬೆರಳುಗಳನ್ನು ಯಾರೂ ಎಣಿಸಿರಲಿಲ್ಲವೆಂಬುದೇ ಸಾಕು.

ಇನ್ನೂ ಮುಖ್ಯವಾದ ಮಾತೊಂದುಂಟು. ಮೊದಲನೆಯ ಮುನ್ನೂರು ಮಂದಿ ಬಹುಮಟ್ಟಿಗೆ ಸ್ನೇಹಕ್ಕೂ ಕುತೂಹಲಕ್ಕೂ ಹಣ ಕೊಟ್ಟವರು. ನಿಜವಾದ ವ್ಯಾಪಾರ ಆರಂಭವಾಗುವುದು ಮುನ್ನೂರ ಒಂದನೆಯವನು ರುಚಿಗಾಗಿಯೇ ಕೊಂಡಾಗ. ಕೂಡಿದ ಹಣವನ್ನೆಲ್ಲ ಲಾಭವೆಂದು ಎಣಿಸದೆ, ತಕ್ಕಡಿ, ಉಷ್ಣಮಾಪಕ, ಎರಡನೆಯ ಬಾಣಲೆ, ಎರಡನೆಯ ತಿಂಗಳ ಸಕ್ಕರೆ ಇವುಗಳಿಗಾಗಿ ಕಾದಿಡುವವನೇ ಉಳಿಯುತ್ತಾನೆ.

ಬಣ್ಣದ ಪ್ರಶ್ನೆ

ಕೊನೆಯದಾಗಿ, ಮಕ್ಕಳು ತಿನ್ನುವ ವಸ್ತುವಿನ ಹೊಣೆ. 2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಕೃತಕ ಬಣ್ಣ ಬೆರೆಸಿದ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಪರೀಕ್ಷಿಸಿದ 25 ಮಾದರಿಗಳಲ್ಲಿ 15ರಲ್ಲಿ ಅಂಥ ಬಣ್ಣ ಸಿಕ್ಕಿತ್ತು. ಆಗ ಎಲ್ಲೆಡೆ ಕೇಳಿಬಂದ ಹೆಸರು ರೋಡಮೀನ್-ಬಿ. ಬಟ್ಟೆಗೆ ಹಾಕುವ ಈ ಬಣ್ಣ ನೇರಳಾತೀತ ಕಿರಣದಲ್ಲಿ ಕಿತ್ತಳೆಗೆಂಪಾಗಿ ಹೊಳೆಯುತ್ತದೆ. ಲೇಸರಿನ ಪ್ರಯೋಗಶಾಲೆಯಲ್ಲಿ ಅದು ಉಪಯುಕ್ತ; ಮಗುವಿನ ಹೊಟ್ಟೆಯಲ್ಲಿ ವಿಷ. ಬಣ್ಣವಿಲ್ಲದ ಬಿಳಿಯ ಬೊಂಬಾಯಿ ಮಿಠಾಯಿಗೆ ನಿಷೇಧವಿರಲಿಲ್ಲ. ಬೀಟ್‌ರೂಟಿನ ಕೆಂಪು, ಅರಿಸಿನದ ಹಳದಿ ಇವು ನಿರಪಾಯ. ಆದರೆ ಮೊದಲನೆಯದು ಬಿಸಿಗೂ ಎರಡನೆಯದು ಬೆಳಕಿಗೂ ಮಾಸುತ್ತವೆ. ಮಾಸಲು ಬಣ್ಣದ ಮಿಠಾಯಿ ಕಡಮೆ ಮಾರಾಟವಾಗಬಹುದು. ಆ ನಷ್ಟವನ್ನು ಸಹಿಸಲು ಸಿದ್ಧರಿದ್ದೇವೆಯೇ ಎಂಬುದನ್ನು ಹಣ ಬೇಡುವ ಮೊದಲೇ ನಿಶ್ಚಯಿಸಬೇಕು. ಆಹಾರ ಸುರಕ್ಷತೆಯ ನೋಂದಣಿಯೂ ಆಗಲೇ ಆಗಬೇಕು.

ಹನಿಹನಿಗೂಡಿ ಹಳ್ಳವಾಗುವುದು ನಿಜ. ಆದರೆ ಹಳ್ಳದ ನೀರು ನಿಲ್ಲಬೇಕಾದರೆ ಕಟ್ಟೆ ಬೇಕೆಂಬುದನ್ನು 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯನ್ನು ಕಂಡ ನಮ್ಮ ಜನಕ್ಕೆ ಬೇರೆ ಹೇಳಬೇಕಾಗಿಲ್ಲ. ಹಲವರ ಹಣಕ್ಕೆ ಆ ಕಟ್ಟೆ ಎಂದರೆ ಸರಿಯಾದ ಲೆಕ್ಕ ಮತ್ತು ಕೊಟ್ಟ ಮಾತು.