ಇಶಿಗುರೊ ಮತ್ತು ನಿಷ್ಠೆಯ ಲೆಕ್ಕ

ಸೇವೆಯಿಂದ ನಿವೃತ್ತನಾದ ಮೇಲೆ ಹಳೆಯ ಪುಸ್ತಕಗಳನ್ನು ಮತ್ತೆ ಓದುವ ಅಭ್ಯಾಸ ಬೆಳೆಸಿಕೊಂಡಿದ್ದೇನೆ. ಹಾಗೆ ಕೈಗೆತ್ತಿಕೊಂಡವುಗಳಲ್ಲಿ ಹೆಚ್ಚು ಕಾಡಿದ್ದು ಬ್ರಿಟಿಷ್ ಕಾದಂಬರಿಕಾರ ಕಜುವೊ ಇಶಿಗುರೊ ಅವರ 'ದಿ ರಿಮೇನ್ಸ್ ಆಫ್ ದ ಡೇ'. ಸುಮಾರು ಮೂವತ್ತು ವರ್ಷಗಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡು ಓದಿದಾಗ ಅದು ಇಂಗ್ಲೆಂಡಿನ ಒಬ್ಬ ಬಟ್ಲರನ ಕಥೆಯಷ್ಟೇ ಆಗಿತ್ತು. ಈಗ ಓದಿದಾಗ ನನ್ನದೇ ಗೋಪ್ಯ ವರದಿಯನ್ನು ಯಾರೋ ಬರೆದಿಟ್ಟಂತೆ ಭಾಸವಾಯಿತು.

ಇಶಿಗುರೊ ಹುಟ್ಟಿದ್ದು 1954ರಲ್ಲಿ, ಜಪಾನಿನ ನಾಗಸಾಕಿಯಲ್ಲಿ. ಅವರ ತಾಯಿ ಅಣುಬಾಂಬ್ ದಾಳಿಯಲ್ಲಿ ಬದುಕುಳಿದವರು. ತಂದೆ ಸಾಗರ ವಿಜ್ಞಾನಿ. 1960ರಲ್ಲಿ ತಂದೆಯ ಸಂಶೋಧನೆಯ ನಿಮಿತ್ತ ಕುಟುಂಬವು ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ಗೆ ಬಂದಾಗ ಬಾಲಕನಿಗೆ ಐದು ವರ್ಷ. ಬೇಗನೆ ಮರಳುವ ಉದ್ದೇಶವಿದ್ದರೂ ಅವರು ಅಲ್ಲಿಯೇ ನೆಲೆಸಿದರು. ಕೆಂಟ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದ ಇಶಿಗುರೊ ಲಂಡನ್ನಿನಲ್ಲಿ ನಿರ್ಗತಿಕರ ನಡುವೆ ಕೆಲಸ ಮಾಡಿದರು. ಬಳಿಕ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಮಾಲ್ಕಂ ಬ್ರಾಡ್‌ಬರಿ ಮತ್ತು ಏಂಜೆಲಾ ಕಾರ್ಟರ್ ಅವರ ಮಾರ್ಗದರ್ಶನದಲ್ಲಿ ಬರವಣಿಗೆ ಕಲಿತರು. ಮೊದಲ ಕಾದಂಬರಿ 1982ರಲ್ಲಿ ಪ್ರಕಟವಾಯಿತು. 1989ರಲ್ಲಿ ಬೂಕರ್, 2017ರಲ್ಲಿ ನೊಬೆಲ್ ಪ್ರಶಸ್ತಿಗಳು ಅವರಿಗೆ ಸಂದವು.

ಹೊರನೋಟಕ್ಕೆ ಅವರ ಕಾದಂಬರಿಗಳು ಒಂದಕ್ಕೊಂದು ಸಂಬಂಧವಿಲ್ಲದವು. 1986ರ 'ಆನ್ ಆರ್ಟಿಸ್ಟ್ ಆಫ್ ದ ಫ್ಲೋಟಿಂಗ್ ವರ್ಲ್ಡ್' ಕೃತಿಯ ನಾಯಕ, ಜಪಾನಿನ ಯುದ್ಧೋನ್ಮಾದಕ್ಕೆ ತನ್ನ ಕುಂಚವನ್ನು ಮೀಸಲಿಟ್ಟ ಚಿತ್ರಕಾರ. 2005ರ 'ನೆವರ್ ಲೆಟ್ ಮಿ ಗೋ' ಕೃತಿಯಲ್ಲಿ ಅಂಗಾಂಗ ದಾನಕ್ಕೆಂದೇ ಸೃಷ್ಟಿಸಲಾದ ತರುಣ ತರುಣಿಯರು ತಮ್ಮ ವಿಧಿಯ ವಿರುದ್ಧ ಬಂಡೇಳುವುದಿಲ್ಲ. 2021ರ 'ಕ್ಲಾರಾ ಅಂಡ್ ದ ಸನ್' ಕೃತಿಯ ನಿರೂಪಕಿ ಒಂದು ಯಂತ್ರಗೆಳತಿ. ಆದರೆ ಎಲ್ಲರೂ ತಮಗೆ ಒಪ್ಪಿಸಲಾದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವರು. ಆ ಕೆಲಸದ ಉದ್ದೇಶವೇನು ಎಂಬ ಪ್ರಶ್ನೆ ಅವರಿಗೆ ಹೊಳೆಯುವುದು ತಡವಾಗಿ, ಅಥವಾ ಹೊಳೆಯುವುದೇ ಇಲ್ಲ.

ಬಟ್ಲರ್ ಸ್ಟೀವನ್ಸ್ ಈ ಸಾಲಿನ ಅಗ್ರಗಣ್ಯ. ಆತನ ಒಡೆಯ ಲಾರ್ಡ್ ಡಾರ್ಲಿಂಗ್ಟನ್, ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ಹೇರಿದ ಷರತ್ತುಗಳು ಅನ್ಯಾಯವೆಂದು ನಂಬಿದವನು. ಕೇನ್ಸ್ ಅವರ 1919ರ ಪುಸ್ತಕವನ್ನು ಓದಿದ ನನ್ನಂತಹ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಆತನ ಬಗ್ಗೆ ಮೊದಮೊದಲು ಸಹಾನುಭೂತಿಯೇ ಮೂಡುತ್ತದೆ. ಆದರೆ ಅದೇ ಸದಾಶಯ ಅವನನ್ನು ನಾಜಿಗಳ ಕೈಗೊಂಬೆಯಾಗಿಸುತ್ತದೆ. ಒಂದು ರಾತ್ರಿ ಅತಿಥಿಯೊಬ್ಬ, ಅಮೆರಿಕದ ಸಾಲ ಮತ್ತು ಚಿನ್ನದ ಮಾನದ ಬಗ್ಗೆ ಸ್ಟೀವನ್ಸನನ್ನು ಪ್ರಶ್ನಿಸುತ್ತಾನೆ. ಜನಸಾಮಾನ್ಯರಿಗೆ ರಾಜ್ಯಭಾರದ ವಿಷಯ ತಿಳಿಯದೆಂದು ತೋರಿಸುವುದು ಆತನ ಉದ್ದೇಶ. ಈ ವಿಷಯದಲ್ಲಿ ತಾನು ನೆರವಾಗಲಾರೆನೆಂದು ಸ್ಟೀವನ್ಸ್ ವಿನಯದಿಂದ ಹೇಳುತ್ತಾನೆ. ಅವಮಾನವನ್ನೂ ಕರ್ತವ್ಯದ ಭಾಗವೆಂದೇ ಸ್ವೀಕರಿಸುತ್ತಾನೆ.

ಇದಕ್ಕಿಂತ ತೀಕ್ಷ್ಣವಾದ ಪ್ರಸಂಗ ಇನ್ನೊಂದು. ಯಹೂದಿಗಳೆಂಬ ಒಂದೇ ಕಾರಣಕ್ಕೆ ಇಬ್ಬರು ಪರಿಚಾರಿಕೆಯರನ್ನು ಕೆಲಸದಿಂದ ತೆಗೆಯುವಂತೆ ಒಡೆಯ ಆದೇಶಿಸುತ್ತಾನೆ. ಮೇಲ್ವಿಚಾರಕಿ ಮಿಸ್ ಕೆಂಟನ್ ಪ್ರತಿಭಟಿಸುತ್ತಾಳೆ. ಸ್ಟೀವನ್ಸ್ ಆದೇಶವನ್ನು ಜಾರಿಗೊಳಿಸುತ್ತಾನೆ. ವರ್ಷ ಕಳೆದ ಮೇಲೆ, ಅದು ತಪ್ಪಾಯಿತೆಂದು ಒಡೆಯನೇ ಹೇಳಿದಾಗ, ತನಗೂ ಆಗ ನೋವಾಗಿತ್ತೆಂದು ಸ್ಟೀವನ್ಸ್ ಆಕೆಗೆ ತಿಳಿಸುತ್ತಾನೆ. ಆಗಲೇ ಏಕೆ ಹೇಳಲಿಲ್ಲವೆಂಬುದು ಅವಳ ಪ್ರಶ್ನೆ.

ಈ ಪುಟದಲ್ಲಿ ನಾನು ಪುಸ್ತಕ ಮುಚ್ಚಿಟ್ಟೆ. ಸೇವೆಯ ಆರಂಭದ ವರ್ಷಗಳಲ್ಲಿ, ನಮ್ಮ ಕಚೇರಿಯಲ್ಲಿ ನೀರು ತರುತ್ತಿದ್ದ, ಕಸ ಗುಡಿಸುತ್ತಿದ್ದ ಮೂವರು ದಿನಗೂಲಿ ಹೆಂಗಸರನ್ನು ಕೆಲಸದಿಂದ ಬಿಡಿಸುವಂತೆ ಮೇಲಧಿಕಾರಿಗಳು ಮೌಖಿಕವಾಗಿ ಸೂಚಿಸಿದ್ದರು. ಅವರು ಇನ್ನಷ್ಟು ಕಾಲ ಮುಂದುವರಿದರೆ ಕಾಯಂಗೊಳಿಸುವಂತೆ ಕೇಳಿಯಾರು ಎಂಬುದೇ ಕಾರಣ. ಟಿಪ್ಪಣಿ ಸಿದ್ಧಪಡಿಸಿದವನು ನಾನು. ಅದರಲ್ಲಿ ಒಂದು ಅಕ್ಷರದೋಷವೂ ಇರಲಿಲ್ಲ. ಅವರಲ್ಲಿ ಹಿರಿಯಳಾದವಳು ನನ್ನ ಮೇಜಿನ ಮುಂದೆ ನಿಂತು, 'ನಮ್ಮಿಂದ ಏನು ತಪ್ಪಾಯ್ತು ಸ್ವಾಮಿ?' ಎಂದು ಕೇಳಿದಳು. ಮೇಲಿನವರ ಆದೇಶವೆಂದೆ. ಹಲವು ವರ್ಷಗಳ ನಂತರ ಅದೇ ಅಧಿಕಾರಿ ಒಂದು ಸಂಜೆ, ಹಾಗೆ ಮಾಡಬಾರದಿತ್ತೆಂದು ನೊಂದುಕೊಂಡರು. ನನಗೂ ಆಗ ಹಾಗೆಯೇ ಅನಿಸಿತ್ತು ಎಂದೆ. ಅವರು ನನ್ನನ್ನು ದಿಟ್ಟಿಸಿ, 'ಮತ್ತೆ ಕಡತದಲ್ಲಿ ಯಾಕೆ ಬರೀಲಿಲ್ಲ?' ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಡಳಿತದಲ್ಲಿ ನಿಷ್ಠೆ ಬೇಡವೆಂದು ನಾನು ವಾದಿಸುತ್ತಿಲ್ಲ. ಪ್ರತಿಯೊಬ್ಬ ಗುಮಾಸ್ತನೂ ತನ್ನ ಮನಸ್ಸಿಗೆ ಬಂದಂತೆ ಆದೇಶಗಳನ್ನು ಪಾಲಿಸಿದರೆ ಅಥವಾ ತಿರಸ್ಕರಿಸಿದರೆ, ಚುನಾಯಿತ ಸರ್ಕಾರವೆಂಬುದಕ್ಕೆ ಅರ್ಥವೇ ಉಳಿಯದು. ಆದರೆ ಪಾಲಿಸುವುದಕ್ಕೂ ಮೌನವಾಗಿರುವುದಕ್ಕೂ ವ್ಯತ್ಯಾಸವಿದೆ. ಸ್ಟೀವನ್ಸನಿಗೆ ಇದ್ದದ್ದು ಬೆಳ್ಳಿಯ ತಟ್ಟೆ ಮಾತ್ರ. ನಮಗೆ ಟಿಪ್ಪಣಿ ಹಾಳೆಯಿತ್ತು. ಭಿನ್ನಾಭಿಪ್ರಾಯವನ್ನು ದಾಖಲಿಸಿ, ನಂತರ ಬಂದ ಆದೇಶವನ್ನು ಪಾಲಿಸುವ ಅವಕಾಶ ನಮ್ಮ ವ್ಯವಸ್ಥೆಯಲ್ಲಿಯೇ ಇದೆ. ಅದನ್ನು ಬಳಸದೇ ಹೋದದ್ದನ್ನು ನಿಷ್ಠೆ ಎಂದು ಕರೆದುಕೊಂಡೆವು.

ಮುಳುಗಿದ ವೆಚ್ಚವನ್ನು ಮುಂದಿನ ನಿರ್ಧಾರಕ್ಕೆ ಪರಿಗಣಿಸಬಾರದೆಂದು ಅರ್ಥಶಾಸ್ತ್ರ ಹೇಳುತ್ತದೆ. ಇಡೀ ಆಯುಷ್ಯವೇ ಮುಳುಗಿದ ವೆಚ್ಚವಾದಾಗ ಮನುಷ್ಯ ಏನು ಮಾಡಬೇಕು? ಕಾದಂಬರಿಯ ಕೊನೆಯಲ್ಲಿ, ಸಮುದ್ರತೀರದ ಸಂಜೆಯಲ್ಲಿ, ಸ್ಟೀವನ್ಸ್ ಅಪರಿಚಿತನೊಬ್ಬನೆದುರು ಅಳುತ್ತಾನೆ. ಒಡೆಯನಾದರೂ ತನ್ನದೇ ತಪ್ಪುಗಳನ್ನು ಮಾಡಿದ. ತನಗೆ ಅಷ್ಟೂ ಹೇಳಿಕೊಳ್ಳಲಾಗದು ಎಂಬುದು ಅವನ ಅಳಲು.

ನನ್ನ ಸಂಬಂಧಿಕರ ಮಗಳೊಬ್ಬಳು ಈಚೆಗೆ ಸರ್ಕಾರಿ ಸೇವೆಗೆ ಸೇರಿದಳು. ನಿಯಮಾವಳಿಗಳ ಯಾವ ಪುಸ್ತಕ ಕೊಳ್ಳಬೇಕೆಂದು ಕೇಳಿದಳು. ಅವುಗಳ ಹೆಸರು ಬರೆದುಕೊಟ್ಟು, ಜೊತೆಗೆ ನನ್ನ ಹಳೆಯ ಇಶಿಗುರೊ ಪ್ರತಿಯನ್ನೂ ಕೊಟ್ಟೆ. ಮೂವರು ಹೆಂಗಸರ ಸಂಗತಿಯನ್ನೂ ಹೇಳಿದೆ. ಅದನ್ನು ಹೇಳಿದ್ದು ಅದೇ ಮೊದಲು.